ಮಾವನ ಪಂಚೆಯೂ ನಾಲ್ಕೂರಿನ ಗಾಳಿಯೂ

ಎಲ್ಲರ ಮನೆಯಲ್ಲೂ ಪಂಚೆ ಒಗೆಯುತ್ತಾರೆ. ನನ್ನ ಸೋದರಮಾವ ಗಾಳಿಯನ್ನು ಒಗೆಯುತ್ತಾರೆ! ನಗಬೇಡಿ. ಒಗೆದು, ಹಿಂಡಿ, ಹಿಂಡಿದ ನೀರನ್ನು ಬಿಳಿ ಬೇಸಿನ್ನಿನಲ್ಲಿ ಹಿಡಿದು, ಬೆಳಕಿಗೆ ತಂದು, ಕನ್ನಡಕ ಏರಿಸಿಕೊಂಡು ‘ಇವತ್ತಿನ ಗಾಳಿ ಇಂಥದ್ದು’ ಎಂದು ತೀರ್ಪು ಕೊಡುತ್ತಾರೆ. ಹಾಸನ ಜಿಲ್ಲೆಯಲ್ಲಿ ಈ ವಿದ್ಯೆ ಬಲ್ಲವರು ಇನ್ನೊಬ್ಬರಿದ್ದರೆ ನಾನೇ ಹೋಗಿ ಅವರ ಕಾಲಿಗೆ ಬೀಳುತ್ತೇನೆ. ಆದರೆ ಅವರನ್ನು ಮಾವನಿಗೆ ಮಾತ್ರ ಪರಿಚಯ ಮಾಡಿಸುವುದಿಲ್ಲ. ನಮಗೆ ಒಬ್ಬರೇ ಸಾಕಾಗಿ ಹೋಗಿದೆ.

ಈ ವಿದ್ಯೆ ಹುಟ್ಟಿದ್ದು ಒಬ್ಬ ಡಾಕ್ಟರ ಬಾಯಿಂದ. ಮಾವ ಮತ್ತು ಅತ್ತೆ ಅರಕಲಗೂಡಿನ ಆಚೆಯ ಹಳ್ಳಿಯವರು. ನಾಲ್ಕು ವರ್ಷದ ಕೆಳಗೆ ಹಾಸನಕ್ಕೆ ಬಂದು, ರಿಂಗ್ ರಸ್ತೆಯ ಪಕ್ಕದ ಹೊಸ ಬಡಾವಣೆಯಲ್ಲಿ, ನನ್ನ ಮನೆಯ ಹಿಂದಿನ ಬೀದಿಯಲ್ಲೇ ಮಹಡಿ ಮನೆ ಬಾಡಿಗೆಗೆ ಹಿಡಿದರು. ಅತ್ತೆಗೆ ದಮ್ಮು. ಹೋದ ವರ್ಷದಿಂದ ಅದು ಜಾಸ್ತಿಯಾಗಿ, ಕೊತ್ತಂಬರಿ ಸೊಪ್ಪಿನವಳು ಕೂಗಿದರೆ ಇಳಿದು ಹೋಗುವಷ್ಟರಲ್ಲಿ ಅವಳು ಮುಂದಿನ ಬೀದಿ ದಾಟಿರುತ್ತಿದ್ದಳು. ಹತ್ತುವಾಗ ಮೂರನೇ ಮೆಟ್ಟಿಲಿಗೆ ಒಮ್ಮೆ, ಎಂಟನೇ ಮೆಟ್ಟಿಲಿಗೆ ಒಮ್ಮೆ ಕಂಬಿ ಹಿಡಿದು ನಿಲ್ಲುತ್ತಿದ್ದರು. ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟು, ಕೊನೆಯಲ್ಲಿ ‘ಸ್ವಲ್ಪ ಒಳ್ಳೆ ಗಾಳಿ ಇರೋ ಕಡೆ ಇದ್ದರೆ ವಾಸಿ’ ಎಂದರು.

ಡಾಕ್ಟರುಗಳು ಹೀಗೆ ಎಲ್ಲರಿಗೂ ಹೇಳುತ್ತಾರೆ. ಟೆನ್ಷನ್ ಮಾಡ್ಕೋಬೇಡಿ, ಹಣ್ಣು ತಿನ್ನಿ, ಒಳ್ಳೆ ಗಾಳಿ ತಗೊಳ್ಳಿ. ಯಾರಾದರೂ ಕೇಳಿದ್ದುಂಟೆ? ಮಾವ ಕೇಳಿದರು! ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ನನ್ನ ತೋಳು ಹಿಡಿದು ನಿಲ್ಲಿಸಿದರು.

“ಕೇಳುಸ್ಕಂಡ್ಯೇನ್ಲಾ? ಮನೆ ಬದಲಾಯ್ಸ್ಬೇಕು. ಗಾಳಿ ನೋಡ್ಬುಟ್ಟು ಮನೆ ಇಡೀಬೇಕು. ಇವಳು ಮೆಟ್ಲತ್ತಿ ಬಂದು ಒಂದೇ ಉಸ್ರಿಗೆ ನನ್ನ ಬಯ್ಯಂಗಾಗ್ಬೇಕು, ಅಷ್ಟೇಯ.”

“ಈಗ ಬಯ್ಯೋದು ಕಮ್ಮಿಯಾಗಿದೆಯಾ ಮಾವ?”

“ಕಂತಲ್ಲಿ ಬಯ್ತಾಳೆ ಕಣ್ಲಾ. ಮಜಾ ಇಲ್ಲ.”

ಗಾಳಿ ನೋಡುವುದು ಹೇಗೆ? ಮಾವ ಜೀವಮಾನವೆಲ್ಲ ಹೊಗೆಸೊಪ್ಪು ಬೆಳೆದವರು. ಆ ಸೊಪ್ಪನ್ನು ಸೌದೆ ಬೆಂಕಿಯ ಶಾಖದಲ್ಲಿ ಹದಕ್ಕೆ ತರುವ ಎತ್ತರದ ಕೋಣೆಗೆ ಬ್ಯಾರನ್ ಅನ್ನುತ್ತಾರೆ. ಅದರ ಕಿಟಕಿಗೆ ಮೂಗಿಟ್ಟು ‘ಇನ್ನು ಅರ್ಧ ದಿನ’ ಎಂದು ಮಾವ ಹೇಳಿದರೆ ಮುಗಿಯಿತು, ಅರ್ಧ ದಿನವೇ. ಸುತ್ತಿನ ಹಳ್ಳಿಯವರು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತಮ್ಮ ಬ್ಯಾರನ್ ಮೂಸಿಸಿ, ಊಟ ಹಾಕಿಸಿ ಕಳಿಸುತ್ತಿದ್ದರು. ಅಂಥ ಮೂಗು ಹಾಸನಕ್ಕೆ ಬಂದ ಒಂದೇ ವಾರಕ್ಕೆ ಕೈಯೆತ್ತಿತು. “ಇಲ್ಲಿ ಎಲ್ಲಾ ವಾಸ್ನೆನೂ ಒಂದರ ಮ್ಯಾಕೆ ಒಂದು ಅತ್ತಿ ಕುಂತವೆ ಕಣ್ಲಾ, ಯಾವ್ದು ಯಾವ್ದು ಅಂತ ಬಿಡ್ಸದು?” ಎಂದು ಮೂಗಿಗೆ ನಿವೃತ್ತಿ ಕೊಟ್ಟು, ಆ ಹುದ್ದೆಗೆ ಪಂಚೆಯನ್ನು ನೇಮಿಸಿಕೊಂಡರು.

ಬಿಳಿ ಪಂಚೆಯನ್ನು ಒಗೆದು ಒದ್ದೆಯಲ್ಲೇ ಬಯಲಿಗೆ ಕಟ್ಟಬೇಕು. ಬೆಳಗಿನಿಂದ ಸಂಜೆಯವರೆಗೆ ಒಣಗಲು ಬಿಡದೆ ಆಗಾಗ ಚೊಂಬಿನಿಂದ ನೀರು ಚಿಮುಕಿಸಬೇಕು. ಒಣಗಿದ ಬಟ್ಟೆ ಧೂಳನ್ನು ಬಿಟ್ಟುಬಿಡುತ್ತದೆ, ಒದ್ದೆ ಬಟ್ಟೆ ಬಿಡುವುದಿಲ್ಲ ಎಂಬುದು ಮಾವನ ಶಾಸ್ತ್ರ. ಸಂಜೆ ಬೇಸಿನ್ನಿನಲ್ಲಿ ಅದ್ದಿ ಹಿಂಡಿದಾಗ ನೀರು ಅಕ್ಕಿ ತೊಳೆದ ಹಾಗೆ ಬಂದರೆ ಗಾಳಿ ಉತ್ತಮ. ಹುರುಳಿ ಕಟ್ಟಿನ ಹಾಗೆ ಬಂದರೆ ಮಧ್ಯಮ. ಬೆಲ್ಲದ ಕಾಫಿಯ ಹಾಗೆ ಬಂದರೆ ಮನೆ ಮಾಲೀಕನ ಮುಖ ಕೂಡ ನೋಡದೆ ಎದ್ದು ಬರಬೇಕು. ರಿಂಗ್ ರಸ್ತೆ ಪಕ್ಕದ ತಮ್ಮ ಮನೆಯ ಮೊದಲ ಫಲಿತಾಂಶವನ್ನು ಮಾವ ಬೇಸಿನ್ ಸಮೇತ ನಮ್ಮ ಮನೆಗೆ ಹೊತ್ತು ತಂದರು. ನನ್ನ ಹೆಂಡತಿ ಇಣುಕಿ ನೋಡಿ, “ಅಯ್ಯೋ, ಇಷ್ಟೊಂದು ಕಾಫಿ ಯಾಕೆ ತಂದ್ರಿ? ನಾನೇ ಮಾಡ್ತಿದ್ದೆನಲ್ಲ!” ಎಂದಳು.

ನಾನು ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಪಂಚೆಗೆ ಸೋಲುವುದುಂಟೆ? ಫೋನಿನಲ್ಲಿ ಗಾಳಿಯ ಗುಣ ತೋರಿಸುವ ಆಪ್ ತೆರೆದು, “ನೋಡಿ ಮಾವ, ಹಸಿರು ಬಣ್ಣ. ಗಾಳಿ ಚೆನ್ನಾಗಿದೆ ಅಂತಿದೆ” ಎಂದೆ.

“ಎಲ್ಲಿ ಅಳೆದವ್ರೆ?”

ಹುಡುಕಿದೆ. ಅಳೆಯುವ ಯಂತ್ರ ನಮ್ಮ ಬಡಾವಣೆಯಿಂದ ಬಹಳ ದೂರದಲ್ಲಿ, ಎಲ್ಲೋ ಮರಗಳ ನಡುವೆ ಹಾಯಾಗಿತ್ತು.

“ಅಲ್ಲಿ ಯಾವನ್ದೋ ನಾಡಿ ಇಡುದ್ಬುಟ್ಟು ಇಲ್ಲಿ ಇವಳಿಗೆ ಔಸ್ದಿ ಬರೀತದೇನ್ಲಾ ನಿನ್ ಫೋನು?” ಎಂದರು ಮಾವ. ವಿಜ್ಞಾನದ ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು.

ಮನೆ ಸಿಗುವವರೆಗೆ ಬೆಳಗಿನ ಹೊತ್ತಾದರೂ ಒಳ್ಳೆ ಗಾಳಿ ಕುಡಿಯಲಿ ಎಂದು ಅತ್ತೆಯನ್ನು ಪಾರ್ಕಿಗೆ ಕರೆದುಕೊಂಡು ಹೋದೆವು. ಅಲ್ಲೊಂದು ವಾಕಿಂಗ್ ಬಳಗವಿದೆ. ಅದರ ಕಾರ್ಯದರ್ಶಿಗಳು ನಿವೃತ್ತ ಎಂಜಿನಿಯರು, ಮಹಾ ಶಿಸ್ತಿನ ಮನುಷ್ಯ. ನೆಲದ ಮೇಲೆ ಒಂದು ತರಗೆಲೆ ಬಿದ್ದರೂ ಅವರಿಗೆ ನಿದ್ದೆ ಬಾರದು. ಎಲೆಯನ್ನೆಲ್ಲ ಗುಡಿಸಿಸಿ, ಜೊತೆಗೆ ನೀರಿನ ಬಾಟಲು, ಚಿಪ್ಸ್ ಕವರು ಎಲ್ಲ ಸೇರಿಸಿ ಮೂಲೆಯಲ್ಲಿ ಬೆಂಕಿ ಕೊಡಿಸುತ್ತಾರೆ. ಆಮೇಲೆ ಆ ಬೆಂಕಿಗೆ ಹತ್ತು ಮಾರು ದೂರದಲ್ಲಿ ಜಮಖಾನ ಹಾಸಿಸಿ, “ದೀರ್ಘವಾಗಿ ಒಳಗೆ ತಗೊಳ್ಳಿ... ಹಾಂ, ಇನ್ನೂ ತಗೊಳ್ಳಿ...” ಎಂದು ಎಲ್ಲರಿಗೂ ಪ್ರಾಣಾಯಾಮ ಮಾಡಿಸುತ್ತಾರೆ!

ಅತ್ತೆ ಗೇಟಿನಲ್ಲೇ ಕೆಮ್ಮಿ ನಿಂತರು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ನೇರವಾಗಿ ಜಮಖಾನದ ಹತ್ತಿರ ಹೋದರು.

“ಸಾ, ಒಳಿಕ್ಕೆ ತಕ್ಕಂತೀರಲ್ಲ, ಏನ್ ತಕ್ಕಂತಿದ್ದೀರಿ ಅಂತ ಗೊತ್ತೈತಾ?”

ಕಾರ್ಯದರ್ಶಿಗಳು ಕಣ್ಣು ಬಿಡದೆಯೇ, “ಆಕ್ಸಿಜನ್ ಯಜಮಾನ್ರೆ, ಶುದ್ಧ ಆಕ್ಸಿಜನ್” ಎಂದರು.

“ಅಲ್ಲ ಸಾ. ಅದು ಚಿಪ್ಸ್ ಕವರು. ಮಸಾಲೆದು.”

ಜಮಖಾನದ ಮೇಲಿದ್ದ ನಾಲ್ಕೈದು ಜನ ಪ್ರಾಣಾಯಾಮದ ನಡುವೆಯೇ ನಕ್ಕರು, ಒಬ್ಬರಿಗೆ ಬಿಕ್ಕಳಿಕೆ ಹತ್ತಿತು. ಆದರೂ ಬಳಗದವರು ಮಾವನ ಮಾತಿಗೆ ಬೆಲೆ ಕೊಟ್ಟರು ಎಂದೇ ಹೇಳಬೇಕು. ಮಾರನೆಯ ದಿನದಿಂದ ಬೆಂಕಿಯನ್ನು ಕಾಂಪೌಂಡಿನ ಆಚೆಗೆ ವರ್ಗ ಮಾಡಿದರು. ಹೊಗೆ ಗೇಟಿನಿಂದಲೇ ಒಳಗೆ ಬರಬೇಕು, ಅದಕ್ಕೂ ಟಿಕೆಟ್ ಇದೆ ಎಂದುಕೊಂಡಿದ್ದರೋ ಏನೋ!

ಮನೆ ಹುಡುಕುವ ಕಥೆಗೆ ಬರುತ್ತೇನೆ. ಮೊದಲು ಹಾಸನದ ಅಂಚಿನ ಬೂವನಹಳ್ಳಿ ಕಡೆ ಹೋದೆವು. ಮನೆ ಮಾಲೀಕ ಹುರುಪಿನ ಮನುಷ್ಯ. ಮಾವ ಗಾಳಿಯ ವಿಚಾರ ಎತ್ತುವ ಮೊದಲೇ, “ಏರ್‌ಪೋರ್ಟ್ ಬತ್ತದೆ ಸಾ! ಈ ರೋಡ್ ಅಗಲ ಆಯ್ತದೆ ಸಾ! ಅಕ್ಕಪಕ್ಕ ಎಲ್ಲಾ ಲೇಔಟು ಸಾ!” ಎಂದು ಒಂದೇ ಉಸಿರಿಗೆ ಹೇಳಿದ. ಆ ಒಂದೇ ಉಸಿರನ್ನು ನೋಡಿಯೇ ಮಾವನಿಗೆ ಹೊಟ್ಟೆಕಿಚ್ಚಾಯಿತು.

“ಅದೆಲ್ಲ ಬರ್ಲಿ ಕಣಪ್ಪ. ಗಾಳಿ ಬತ್ತದಾ?”

“ಬತ್ತದೆ ಸಾ, ಫ್ಯಾನ್ ಪಾಯಿಂಟು ಪ್ರತಿ ರೂಮ್ಗೂ ಕೊಟ್ಟಿವ್ನಿ!”

ಅಷ್ಟರಲ್ಲಿ ಜಲ್ಲಿ ತುಂಬಿದ ಟಿಪ್ಪರೊಂದು ಹೋಯಿತು. ಆಮೇಲೆ ಸ್ವಲ್ಪ ಹೊತ್ತು ನಾವು ಮೂವರೂ ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಧೂಳು ಇಳಿದಾಗ ಮಾಲೀಕ ನಗುನಗುತ್ತಾ, “ಡೆವಲಪ್‌ಮೆಂಟು ಸಾ” ಎಂದ. ಪಂಚೆಯನ್ನು ಬಕೆಟ್ಟಿನಿಂದ ಹೊರಗೆ ತೆಗೆಯುವ ಅಗತ್ಯವೇ ಬೀಳಲಿಲ್ಲ.

ಹಾಸನ ಬೇಡವೆಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಚನ್ನರಾಯಪಟ್ಟಣಕ್ಕೆ ನನ್ನ ಹಳೆಯ ಡೀಸೆಲ್ ಕಾರಿನಲ್ಲಿ ಹೊರಡಬೇಕು. ಅದರ ಹೊಗೆ ತಪಾಸಣೆಯ ಚೀಟಿ ತೀರಿಹೋಗಿತ್ತು. ಪರಿಚಯದ ಏಜೆಂಟನಿಗೆ ಫೋನು ಮಾಡಿದರೆ, “ಗಾಡಿ ಯಾಕೆ ತತ್ತೀರಿ ಸಾ? ನಂಬರ್ ಪ್ಲೇಟಿಂದು ಒಂದು ಫೋಟೋ ಕಳ್ಸಿ, ಸಾಕು” ಎಂದ. ಕಳಿಸಿದೆ. ಕಾಫಿ ಮುಗಿಯುವಷ್ಟರಲ್ಲಿ ನನ್ನ ಕಾರು ಹೊಗೆಯನ್ನೇ ಬಿಡುವುದಿಲ್ಲವೆಂದು ಫೋನಿಗೆ ಸರ್ಟಿಫಿಕೇಟ್ ಬಂತು! ಮಾವ ಅದನ್ನು ಎರಡೆರಡು ಸಲ ನೋಡಿ, “ನಿಮ್ಮತ್ತೇದೂ ಒಂದು ಫೋಟೋ ಕಳಿಸ್ಲಾ. ದಮ್ಮು ಇಲ್ಲ ಅಂತ ಬರ್ದು ಕೊಡ್ಲಿ” ಎಂದರು. ಹೀಗೆ ಒಳ್ಳೆಯ ಗಾಳಿಯನ್ನು ಹುಡುಕುತ್ತಾ, ದಾರಿಯುದ್ದಕ್ಕೂ ಹೊಗೆ ಬಿಡುತ್ತಾ ನಾವು ಹೊರಟೆವು.

ಚನ್ನರಾಯಪಟ್ಟಣದ ಮನೆ ಒಳಬೀದಿಯಲ್ಲಿತ್ತು. ಮಾಲೀಕರು ಬೀಗದ ಕೈ ಕೊಟ್ಟು ಹೋದರು. ಮಾವ ಬಾಗಿಲ ಮುಂದೆ ಹಗ್ಗ ಬಿಗಿದು ಒದ್ದೆ ಪಂಚೆ ಹರವಿ, ತಲೆಗೆ ಟವೆಲ್ಲು ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತರು. ಪಕ್ಕದಲ್ಲಿ ನಾನು. ಒಳಗೆ ಒಲೆ ಹಚ್ಚುವಂತಿಲ್ಲ, ಪರೀಕ್ಷೆ ಕೆಡುತ್ತದೆ! ಹೆಚ್ಚು ಓಡಾಡುವಂತಿಲ್ಲ, ಧೂಳು ಏಳುತ್ತದೆ! ನಾಲ್ಕು ದಿನದ ಗಡ್ಡ ಬಿಟ್ಟ ಒಬ್ಬ ಮುದುಕ, ಹಸಿದ ಮುಖದ ಒಬ್ಬ ಮೇಷ್ಟ್ರು, ಮುಂದೆ ಒದ್ದೆ ಬಿಳಿ ಪಂಚೆ, ತಣ್ಣಗಿರುವ ಒಲೆ. ಬೀದಿಯವರಿಗೆ ಇನ್ನೇನು ತೋಚಬೇಕು ಹೇಳಿ? ಹೋಗಿಬರುವವರೆಲ್ಲ ನಮ್ಮನ್ನು ನೋಡಿ ಚಪ್ಪಲಿ ಸದ್ದು ತಗ್ಗಿಸತೊಡಗಿದರು. ಎದುರು ಮನೆಯಲ್ಲಿ ಟೀವಿ ಆರಿತು. ಒಬ್ಬರು ಬಂದು ನನ್ನ ಬೆನ್ನು ಸವರಿ, ಏನೂ ಹೇಳದೆ ಹೊರಟುಹೋದರು. ಸೆಕೆಗೆ ಸಹಾನುಭೂತಿ ಇರಬೇಕೆಂದುಕೊಂಡೆ.

ಮಧ್ಯಾಹ್ನಕ್ಕೆ ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಕ್ಯಾರಿಯರಿನಲ್ಲಿ ಅನ್ನ, ಸಾರು, ಮಜ್ಜಿಗೆ ತಂದು ನಮ್ಮ ಮುಂದಿಟ್ಟರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಅನ್ನ ತರುತ್ತಾರೆ. ಆಗ ನನಗೆ ಎಲ್ಲವೂ ಹೊಳೆಯಿತು.

“ಎರಡು ತುತ್ತು ಉಣ್ಣಿ ಯಜಮಾನ್ರೆ. ಎಷ್ಟೊತ್ತು ಅಂತ ಇಂಗೇ ಕುಂತಿರ್ತೀರ? ಯಾರು ಓಗಿದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, “ಇನ್ನೂ ಯಾರೂ ಓಗಿಲ್ಲ ಕಣವ್ವ. ಓಗ್ಬಾರ್ದು ಅಂತ್ಲೇ ಕುಂತಿರದು” ಎಂದರು.

ಆಕೆ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟು, ವಿಷಯವೆಲ್ಲ ಕೇಳಿ, ನಕ್ಕು, “ಅಂಗಾದ್ರೂ ಉಣ್ಣಿ, ತಂದಿದ್ದಾಯ್ತಲ್ಲ” ಎಂದರು. ಸಾರು ಬಹಳ ಚೆನ್ನಾಗಿತ್ತು. ಗಾಳಿ ಚೆನ್ನಾಗಿರಲಿಲ್ಲ. ಸಂಜೆ ಹಿಂದಿನ ಖಾಲಿ ಸೈಟಿನಲ್ಲಿ ಯಾರೋ ಹಳೇ ಟೈರುಗಳನ್ನು ಸುಟ್ಟು ತಂತಿ ತೆಗೆದರು. ಬೇಸಿನ್ನಿನ ನೀರು ಬೆಲ್ಲದ ಕಾಫಿಯನ್ನೂ ದಾಟಿ, ಇನ್ನೂ ಹೆಸರಿಡದ ಬಣ್ಣಕ್ಕೆ ಹೋಯಿತು.

ಹೊಳೆನರಸೀಪುರದಲ್ಲಿ ಮಾತ್ರ ಗೆದ್ದೇಬಿಟ್ಟೆವು ಅಂದುಕೊಂಡಿದ್ದೆ. ಹೇಮಾವತಿಯ ಕಡೆಗೆ ಮುಖ ಮಾಡಿದ ಪುಟ್ಟ ಮನೆ. ನೆಲಮನೆ, ಮೆಟ್ಟಿಲೇ ಇಲ್ಲ! ಮಧ್ಯಾಹ್ನದವರೆಗೂ ಪಂಚೆ ಮಲ್ಲಿಗೆ ಹೂವು. ಮಾವ ಅತ್ತೆಗೆ ಫೋನು ಮಾಡಿ, “ಪಾತ್ರೆ ಕಟ್ಕಳೇ!” ಎಂದೂ ಹೇಳಿಯಾಯಿತು. ಮೂರು ಗಂಟೆಗೆ ಗಾಳಿ ತಿರುಗಿತು ನೋಡಿ. ಆಚೆ ಬೀದಿಯ ಅಕ್ಕಿ ಗಿರಣಿಯ ಕೊಳವೆಯಿಂದ ಹೊಟ್ಟಿನ ಬೂದಿ ಮೆಲ್ಲಗೆ ಉದುರಿ ಪಂಚೆಯ ಮೇಲೆ ಕರಿ ಎಳ್ಳು ಚೆಲ್ಲಿದಂತಾಯಿತು.

ಮಾಲೀಕರು ಸಮಾಧಾನ ಹೇಳಿದರು: “ಇದೇನು ಯಾವಾಗ್ಲೂ ಇರಲ್ಲ. ಸೀಸನ್‌ನಾಗೆ ಮಾತ್ರ.”

“ಸೀಸನ್ನು ವರ್ಸಕ್ಕೆ ಎಷ್ಟು ಸಲ ಬತ್ತದೆ?”

“ಎರಡೇ ಸಲ.”

“ಬಂದ್ರೆ ಎಷ್ಟು ದಿನ ಇರ್ತದೆ?”

“ಒಂದು ಆರಾರು ತಿಂಗಳು.”

ಮಾವ ಅತ್ತೆಗೆ ಮತ್ತೆ ಫೋನು ಮಾಡಿ, ಕಟ್ಟಿದ ಪಾತ್ರೆ ಬಿಚ್ಚಲು ಹೇಳಿದರು. ವಾಪಸು ಬರುವಾಗ ಅವರ ಮುಖ ನೋಡಲಾಗಲಿಲ್ಲ. ನಾನು ಮೆಲ್ಲಗೆ ಕೇಳಿದೆ: “ಮಾವ, ಊರಲ್ಲಿ ನಿಮ್ಮದೇ ಮನೆಯಿದೆ. ಅಲ್ಲೇ ಒಂದು ದಿನ ಪಂಚೆ ಕಟ್ಟಿ ನೋಡಬಹುದಲ್ಲ?”

“ನಮ್ಮೂರ ಗಾಳಿ ಬಂಗಾರ ಕಣ್ಲಾ. ಬಂಗಾರಕ್ಕೆ ಯಾವನ್ಲಾ ಪರೀಕ್ಸೆ ಇಕ್ತಾನೆ?”

“ಹಾಗಾದರೆ ಅಲ್ಲಿಗೇ ಹೋಗಿಬಿಡಿ.”

“ರೋಡ್ ನೋಡ್ಕಂಡು ಓಡ್ಸು” ಎಂದರು. ಹಾಸನ ಬರುವವರೆಗೂ ಮಡಿಲಲ್ಲಿದ್ದ ಪಂಚೆಯಿಂದ ಬೂದಿ ಕೊಡವುತ್ತಾ ಕುಳಿತರು.

ಇಷ್ಟರಲ್ಲಿ ಅವರ ಖ್ಯಾತಿ ಹಾಸನದ ತುಂಬ ಹಬ್ಬಿತ್ತು. ಯಾವುದೋ ಸಂಘದವರು ನಡೆಸಿದ ‘ಶುದ್ಧ ಗಾಳಿಗಾಗಿ ಬೃಹತ್ ಬೈಕ್ ರ್ಯಾಲಿ’ಗೆ ಮಾವನೇ ಮುಖ್ಯ ಅತಿಥಿ! ಹೌದು, ಬೈಕ್ ರ್ಯಾಲಿಯೇ. ಶುದ್ಧ ಗಾಳಿಗೆ ಸೈಕಲ್ಲಿನಲ್ಲಿ ಹೋದರೆ ಗಾಂಭೀರ್ಯ ಎಲ್ಲಿ ಬರುತ್ತದೆ? ಅತಿಥಿಗಳು ಇಳಿಯುತ್ತಲೇ ಪಟಾಕಿ ಸರ ಹೊಡೆದರು. ಸಾಲುಸಾಲು ಬೈಕುಗಳು ಒಟ್ಟಿಗೆ ಗುಡುಗಿ, ವೇದಿಕೆಯನ್ನು ಮೂರು ಸುತ್ತು ಪ್ರದಕ್ಷಿಣೆ ಹಾಕಿದವು. ಮಾವನಿಗೆ ಬಿಳಿ ಶಾಲು ಹೊದಿಸಿ ಎರಡು ಮಾತಾಡಿ ಎಂದರು. ಮಾವ ಮೈಕಿನ ಮುಂದೆ ನಿಂತು ಒಂದೂ ಮಾತಾಡದೆ, ಅದೇ ಶಾಲಿನಿಂದ ಮುಖ, ಕತ್ತು, ಕಿವಿಯ ಹಿಂಭಾಗ ಎಲ್ಲ ತಿಕ್ಕಿ ಒರೆಸಿಕೊಂಡು, ಬಿಚ್ಚಿ ಸಭೆಗೆ ತೋರಿಸಿದರು. ಬಿಳಿ ಶಾಲು ಅರ್ಧ ಕಪ್ಪಾಗಿತ್ತು. ಸಂಘಟಕ ಕೆಳಗಿನಿಂದ, “ಸಾ, ಸಾ! ಫೋಟೋಗೆ ಆ ಕಡೆ ತಿರುಗ್ಸಿ ಸಾ, ಕ್ಲೀನಾಗಿರೋ ಸೈಡು!” ಎಂದು ಪಿಸುಗುಟ್ಟುತ್ತಿದ್ದ.

ಗೌರಿ ಹಬ್ಬ ಕಳೆದ ಮೇಲೆ ಊರಿನಿಂದ ಫೋನು ಬಂತು. ಮಾವನ ಜಮೀನನ್ನೂ ಬ್ಯಾರನ್ನನ್ನೂ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ವಾರಕ್ಕೆ ಮಾಡುತ್ತಿದ್ದ ಯುವಕ. ಸೊಪ್ಪಿಗೆ ಬಣ್ಣ ಕೂರುತ್ತಿಲ್ಲ, ಒಂದು ಸಲ ಬಂದು ಮೂಸಿ ನೋಡಿ ಎಂದು ಗೋಗರೆದ. ಮಾವ ಮೊಣಕಾಲು ನೋವು ಅಂದರು, ನೆಗಡಿ ಅಂದರು. ಅತ್ತೆ ಒಳಗಿನಿಂದ, “ಓಗಿ ಬನ್ನಿ... ಪಾಪ, ಬಾಯ್ಬಿಟ್ಟು ಕೇಳವ್ನೆ... ನಾನೂ ಬತ್ತೀನಿ” ಎಂದರು. ಮೂರು ಕಂತಿನಲ್ಲಿ ಹೇಳಿದರೂ ಅದು ಆಜ್ಞೆಯೇ. ಮೂವರೂ ಹೊರಟೆವು.

ಅರಕಲಗೂಡು ದಾಟುತ್ತಲೇ ರಸ್ತೆಯ ಎರಡೂ ಕಡೆ ಬ್ಯಾರನ್‌ಗಳ ಹೊಗೆ ನೆಲಮಟ್ಟಕ್ಕೆ ಹಬ್ಬಿತ್ತು. ಮಾವ ಕಾರನ್ನು ದೂರದ ಹುಣಸೆ ಮರದ ಕೆಳಗೆ ನಿಲ್ಲಿಸಲು ಹೇಳಿ, ಅತ್ತೆಯನ್ನು ಒಳಗೇ ಕೂರಿಸಿ, ಗಾಜು ಪೂರ್ತಿ ಏರಿಸಿಕೊಳ್ಳುವಂತೆ ಎರಡು ಸಲ ತಾಕೀತು ಮಾಡಿ ಇಳಿದರು. ನಾನು ಅವರ ಹಿಂದೆ ಹೋದೆ.

ಯುವಕ ಕೈಕಟ್ಟಿ ನಿಂತ. ಮಾವ ಕಿಟಕಿಯ ಹತ್ತಿರ ಹೋದವರು ಮೂಗನ್ನು ಎತ್ತಲೇ ಇಲ್ಲ. ಕೆಳಗೆ ಒಲೆಯ ಬಾಯಿಯ ಮುಂದೆ ಅವನ ಹೆಂಡತಿ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ದಪ್ಪ ಸೌದೆಯನ್ನು ಒಳಗೆ ತಳ್ಳುತ್ತಾ ಕೆಮ್ಮುತ್ತಿದ್ದಳು.

“ಎಷ್ಟೊತ್ತಿಂದ ಕುಂತಿದ್ದೀಯವ್ವ?”

“ನೆನ್ನೆಯಿಂದ ಕಣಣ್ಣ. ಇವರಿಗೆ ಸೊಪ್ಪು ಕೀಳದು ಇರ್ತದಲ್ಲ.”

ಮಾವ ಯುವಕನ ಕಡೆ ತಿರುಗಿದರು. ಅವರು ಬೈಯುವಾಗ ಹೇಗಿರುತ್ತಾರೆಂದು ನನಗೆ ಗೊತ್ತು. ಇದು ಅದಲ್ಲ.

“ಸೊಪ್ಪು ಮೂಸದು ದೊಡ್ಡ ವಿದ್ಯೆ ಅಲ್ಲ ಕಣ್ಲಾ. ನಾನು ಮೂವತ್ತು ವರ್ಸ ಮೂಸಿ ಎಸ್ರು ತಕ್ಕಂಡೆ. ಒಲೆ ಮುಂದೆ ಒಂದಿನಾನೂ ಕುಂತ್ಕಳ್ಳಿಲ್ಲ. ಕುಂತಿದ್ದೋಳು ಅಗೋ, ಆ ಕಾರ್ನಾಗವ್ಳೆ. ನಾನು ಅವಳ ಉಸ್ರ ಊರೂರ್ನಾಗೆ ಉಡುಕ್ತಿವ್ನಿ.”

ಆಮೇಲೆ ಆ ಹುಡುಗಿಯನ್ನು ಎಬ್ಬಿಸಿ, ನೀರು ಕುಡಿಯಲು ಕಳಿಸಿ, ಪಂಚೆ ಮಡಚಿ ಒಲೆಯ ಮುಂದೆ ತಾವೇ ಕುಳಿತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾರಿನ ಹತ್ತಿರ ಬಂದೆ. ಅತ್ತೆ ಗಾಜು ಇಳಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದರು.

“ಡಾಕ್ಟ್ರು ಮೊದಲ್ನೇ ದಿನವೇ ಕೇಳಿದ್ರು ಕಣಪ್ಪ. ಸೌದೆ ಒಲೆ ಮುಂದೆ ಕೆಲ್ಸ ಮಾಡಿದ್ದೀರಾ ಅಂತ. ಇವರು ಚೀಟಿ ಮಾಡ್ಸಕ್ಕೋಗಿದ್ರು. ನಾನು... ಇಲ್ಲ ಅಂದ್ಬುಟ್ಟೆ.”

“ಯಾಕತ್ತೆ?”

ಪಂಪು ಹೊಡೆದುಕೊಂಡು, ಸುಧಾರಿಸಿಕೊಂಡು ಹೇಳಿದರು: “ಊರೂರ ಗಾಳಿನೆಲ್ಲ ಬಯ್ಕಂಡ್ ತಿರುಗ್ಲಿ ಬುಡು ಅಂತ. ಅವರನ್ನ ಅವರೇ ಬಯ್ಕಳದ... ನನ್ ಕೈಲಿ ನೋಡಕ್ಕಾಗಕಿಲ್ಲ. ಓಗು, ಎಬ್ಬಿಸ್ಕಂಡ್ ಬಾ. ಕೆಮ್ಮು ಅಂಟ್ಕತ್ತದೆ.”

ನಾನು ಹೋಗಿ ಮಾವನ ಭುಜ ಮುಟ್ಟಿದೆ. ಅವರು ಏಳಲಿಲ್ಲ, ತಿರುಗಲೂ ಇಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಇನ್ನೊಂದು ಸೌದೆಯನ್ನು ಒಳಗೆ ನೂಕುತ್ತಾ, “ಅವಳು ಗಾಜು ಏರಿಸ್ಕಂಡವ್ಳಾ ನೋಡ್ಲಾ” ಎಂದರು.